ಗಾಳಿಗೆ ಬಿಟ್ಟ ಬಿಯರು, ಗೊರಟದ ಚೆರ್ರಿ

ಬ್ರಸೆಲ್ಸ್ ನಗರದ ದಕ್ಷಿಣ ರೈಲು ನಿಲ್ದಾಣದಲ್ಲಿ ಇಳಿಯುವ ಪ್ರವಾಸಿಗರಲ್ಲಿ ಹೆಚ್ಚಿನವರು ಹಿಡಿಯುವುದು ಊರ ನಡುವಿನ ದಾರಿಯನ್ನು. ಅಲ್ಲಿ ಗ್ರಾಂ ಪ್ಲಾಸ್ ಎಂಬ ಪ್ರಸಿದ್ಧ ಚೌಕವಿದೆ, ಉಚ್ಚೆ ಹೊಯ್ಯುತ್ತ ನಿಂತ ಹುಡುಗನ ಪುಟ್ಟ ಕಂಚಿನ ಬೊಂಬೆಯಿದೆ, ಚಾಕಲೇಟ್ ಅಂಗಡಿಗಳ ಸಾಲಿದೆ. ಈ ಗುಂಪನ್ನು ಬಿಟ್ಟು ಆಂಡರ್ಲೆಖ್ಟ್ ಕಡೆಯ ಬೀದಿಗಳಿಗೆ ಹೊರಳಿದರೆ ಊರಿನ ಚಹರೆಯೇ ಬದಲಾಗುತ್ತದೆ. ಹಳೆಯ ಗೋದಾಮುಗಳು, ಮೊರಾಕೊ ಮೂಲದವರ ಅಂಗಡಿಗಳು, ಮಸಿ ಹಿಡಿದ ಇಟ್ಟಿಗೆ ಗೋಡೆಗಳು. ಹತ್ತು ಹದಿನೈದು ನಿಮಿಷ ನಡೆದರೆ ಗೇಡ್ ಬೀದಿ. ಅಲ್ಲೊಂದು ದೊಡ್ಡ ಬಾಗಿಲು. ಹೊರಗಿನಿಂದ ನೋಡಿದರೆ ಯಾವುದೋ ಹಳೆಯ ಕಾರ್ಖಾನೆಯ ಉಗ್ರಾಣವೆಂದುಕೊಂಡು ಮುಂದೆ ಹೋಗಿಬಿಡಬಹುದು. ಬಾಗಿಲು ದೂಡಿ ಒಳಗೆ ಕಾಲಿಟ್ಟರೆ ಮಾತ್ರ ಮೂಗು ಎಚ್ಚರಗೊಳ್ಳುತ್ತದೆ. ಒದ್ದೆ ಮರ, ಹಳೆಯ ನೆಲಮಾಳಿಗೆ, ಹುಳಿ ಬಂದ ಹಣ್ಣು, ಇವೆಲ್ಲ ಕಲಸಿದ ಒಂದು ವಾಸನೆ. 1900ರಲ್ಲಿ ಆರಂಭವಾದ ಕಾಂಟಿಯೋನ್ ಬಿಯರ್ ತಯಾರಿಕಾ ಮನೆ ಇದು. ಬ್ರಸೆಲ್ಸ್ ನಗರದೊಳಗೆ ‘ಲ್ಯಾಂಬಿಕ್’ ಎಂಬ ಸಾಂಪ್ರದಾಯಿಕ ಬಿಯರ್ ಮಾಡುತ್ತಿದ್ದ ಹಳೆಯ ಮನೆಗಳ ಪೈಕಿ ಉಳಿದುಬಂದದ್ದು ಇದೊಂದೇ.

ಬಿಯರ್ ಎಂದೊಡನೆ ನಮ್ಮವರ ಕಣ್ಣಮುಂದೆ ಬರುವುದು ಹಳದಿ ಬಣ್ಣದ, ಕಹಿಯಾದ, ನೊರೆ ಉಕ್ಕುವ, ಐಸಿನಲ್ಲಿಟ್ಟು ತಣಿಸಿದ ಪಾನೀಯ. ಲ್ಯಾಂಬಿಕ್ಕಿನ ಜಾತಿ ಬೇರೆ. ಅದು ಹುಳಿ. ಅದಕ್ಕೆ ಹುಳಿಚೆರ್ರಿ ಹಣ್ಣು ಹಾಕಿ ತಿಂಗಳುಗಟ್ಟಲೆ ಇಟ್ಟರೆ ಆಗುವುದೇ ‘ಕ್ರೀಕ್’. ಫ್ಲೆಮಿಷ್ ಭಾಷೆಯಲ್ಲಿ ಆ ಹುಳಿಚೆರ್ರಿಯ ಹೆಸರೇ ಕ್ರೀಕ್. ಬಣ್ಣ ನಮ್ಮ ಕರಾವಳಿಯ ಪುನರ್ಪುಳಿ ಶರಬತ್ತಿನದು. ಮದ್ಯಾಂಶವೂ ಹೆಚ್ಚಲ್ಲ. ಹಳೆಯ ಪದ್ಧತಿಯ ಕ್ರೀಕಿನಲ್ಲಿ ಶೇಕಡ 5ರಿಂದ 6, ಸಿಹಿ ಮಾಡಿ ಮಾರುವ ಹೊಸ ಬಗೆಗಳಲ್ಲಿ ಶೇಕಡ 3.5, ಕೆಲವೊಮ್ಮೆ ಇನ್ನೂ ಕಡಿಮೆ. ನಮ್ಮಲ್ಲಿ ‘ಸ್ಟ್ರಾಂಗ್’ ಎಂದು ಬರೆದು ಮಾರುವ ಬಿಯರಿನಲ್ಲಿ ಶೇಕಡ 8ರವರೆಗೂ ಇರುತ್ತದೆ ಎಂಬುದನ್ನು ನೆನೆದರೆ ಇದು ಹಗುರವೆಂದೇ ಹೇಳಬೇಕು. ನಶೆಗಾಗಿ ಹೋದವರಿಗೆ ನಿರಾಶೆಯೇ ಗತಿ. ರುಚಿಯ ಕುತೂಹಲದಿಂದ ಹೋದವರಿಗೆ, ಅಷ್ಟೇಕೆ, ಮದ್ಯವನ್ನೇ ಮುಟ್ಟದೆ ನೋಡಿ ಬರಲು ಹೋದವರಿಗೂ ಈ ಮನೆ ಸಾಕಷ್ಟು ಕೊಡುತ್ತದೆ.

1978ರಿಂದ ಈ ಮನೆ ವಸ್ತುಸಂಗ್ರಹಾಲಯವೂ ಹೌದು. ಆದರೆ ಗಾಜಿನ ಪೆಟ್ಟಿಗೆಯಲ್ಲಿಟ್ಟ ಸಾಮಾನು ನೋಡುವ ಸಂಗ್ರಹಾಲಯವಲ್ಲ. ಕೆಲಸ ನಡೆದೇ ಇರುತ್ತದೆ, ನೋಡುವವರು ಅದರ ನಡುವೆಯೇ ಓಡಾಡಬೇಕು. ಕೆಳಗೆ ಧಾನ್ಯ ಬೇಯಿಸುವ ತೊಟ್ಟಿ. ಸುಮಾರು ಮೂರರಲ್ಲಿ ಎರಡು ಪಾಲು ಬಾರ್ಲಿ ಮಾಲ್ಟ್, ಒಂದು ಪಾಲು ಮೊಳಕೆ ಬರಿಸದ ಗೋಧಿ. ಮಾಲ್ಟ್ ಎಂದರೆ ನಮಗೆ ಹೊಸದಲ್ಲ, ಮೊಳಕೆ ಬರಿಸಿ ಒಣಗಿಸಿದ ಧಾನ್ಯ. ರಾಗಿ ಮಾಲ್ಟ್ ಕುಡಿಯದ ಮಗು ನಮ್ಮಲ್ಲಿ ಯಾವುದಿದೆ? ಅದರ ಗಂಜಿನೀರನ್ನು ಸೋಸಿ, ಕೊಪ್ಪರಿಗೆಗೆ ಹಾಕಿ, ಹಾಪ್ ಹೂ ಸೇರಿಸಿ ಗಂಟೆಗಟ್ಟಲೆ ಕುದಿಸುತ್ತಾರೆ. ಇಲ್ಲೊಂದು ವಿಚಿತ್ರವಿದೆ. ಲೋಕದ ಬಿಯರ್ ತಯಾರಕರೆಲ್ಲ ತಾಜಾ ಹಾಪ್ ಬೇಕೆಂದು ಹಟ ಹಿಡಿದರೆ ಇವರು ಎರಡು ಮೂರು ವರ್ಷ ಹಳೆಯದಾದ, ಬಣ್ಣಗೆಟ್ಟ ಹಾಪ್ ಬಳಸುತ್ತಾರೆ. ಹಳತಾದಂತೆ ಹಾಪಿನ ಕಹಿ ಇಳಿಯುತ್ತದೆ. ಕೆಡಿಸುವ ಬ್ಯಾಕ್ಟೀರಿಯಗಳನ್ನು ತಡೆಯುವ ಗುಣ ಮಾತ್ರ ಬಹಳಷ್ಟು ಉಳಿದಿರುತ್ತದೆ. ಇವರಿಗೆ ಬೇಕಾದದ್ದು ಎರಡನೆಯದೇ.

ಕಿರಿದಾದ ಮರದ ಮೆಟ್ಟಿಲು ಹತ್ತಿ ಅಟ್ಟಕ್ಕೆ ಹೋದರೆ ಈ ಮನೆಯ ಗರ್ಭಗುಡಿ. ಮಾಡಿನ ಕೆಳಗೆ ಇಡೀ ಕೋಣೆಯನ್ನು ತುಂಬಿದ, ಮೊಣಕಾಲುದ್ದಕ್ಕಿಂತ ಹೆಚ್ಚು ಆಳವಿರದ, ಕೆಂಪು ತಾಮ್ರದ ಭಾರೀ ಹರಿವಾಣ. ಏಳೂವರೆ ಸಾವಿರ ಲೀಟರಿನಷ್ಟು ಹಿಡಿಯುತ್ತದೆ. ಕುದಿದ ರಸವನ್ನು ಸಂಜೆ ಇದಕ್ಕೆ ಹರಿಸಿ, ಗೋಡೆಯ ಕಿಂಡಿಗಳನ್ನು ತೆರೆದು, ಕೆಲಸಗಾರರು ಮನೆಗೆ ಹೋಗಿಬಿಡುತ್ತಾರೆ. ರಾತ್ರಿಯಿಡೀ ರಸ ಗಾಳಿಗೆ ಮೈಯೊಡ್ಡಿ ತಣಿಯುತ್ತದೆ. ಬೆಳಗಾಗುವಾಗ ಸುಮಾರು 20 ಡಿಗ್ರಿಗೆ ಇಳಿದಿರುತ್ತದೆ. ಅಷ್ಟರಲ್ಲಿ ಊರ ಗಾಳಿಯಲ್ಲಿ, ಮಾಡಿನ ಜಂತೆಯಲ್ಲಿ ಇರುವ ಯೀಸ್ಟ್ ಮತ್ತು ಬ್ಯಾಕ್ಟೀರಿಯಗಳು ಅದರಲ್ಲಿ ಬಿದ್ದಿರುತ್ತವೆ. ಹೆಪ್ಪು ಹಾಕುವವರು ಯಾರೂ ಇಲ್ಲ. ಗಾಳಿಯೇ ಹೆಪ್ಪು.

ಇದರ ವಿಶೇಷ ತಿಳಿಯಬೇಕಾದರೆ 19ನೇ ಶತಮಾನದ ಇತಿಹಾಸವನ್ನು ಸ್ವಲ್ಪ ನೆನೆಯಬೇಕು. ಲೂಯಿ ಪಾಶ್ಚರ್ ಬಿಯರ್ ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದ್ದು 1876ರಲ್ಲಿ. ಬಿಯರ್ ಹಾಳಾಗುವುದು ಬೇಡದ ಸೂಕ್ಷ್ಮಜೀವಿಗಳಿಂದ ಎಂದು ಆತ ತೋರಿಸಿಕೊಟ್ಟ. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಎಮಿಲ್ ಕ್ರಿಸ್ಟಿಯನ್ ಹ್ಯಾನ್ಸನ್ ಒಂದೇ ಒಂದು ಯೀಸ್ಟ್ ಕೋಶದಿಂದ ಶುದ್ಧ ಸಂತತಿಯನ್ನು ಬೆಳೆಸಿದ. ಅಲ್ಲಿಂದ ಮುಂದೆ ಜಗತ್ತಿನ ಬಿಯರ್ ಕಾರ್ಖಾನೆಗಳು ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಯಂತೆ ಶುಭ್ರವಾದವು. ಹೊರಗಿನ ಗಾಳಿ ಒಳಗೆ ಸುಳಿಯುವಂತಿಲ್ಲ, ಕಾರ್ಖಾನೆ ಸಾಕಿದ ಯೀಸ್ಟ್ ಬಿಟ್ಟು ಬೇರೊಂದು ಜೀವಿ ತಲೆಹಾಕುವಂತಿಲ್ಲ. ಬ್ರಸೆಲ್ಸಿನ ಸುತ್ತಮುತ್ತಲಿನ ಈ ಕೆಲವು ಮನೆಗಳು ಮಾತ್ರ ಪಾಶ್ಚರನಿಗೂ ಹಿಂದಿನ ಕಾಲದಲ್ಲೇ ಉಳಿದವು. ಹಟದಿಂದಲೋ ಬಡತನದಿಂದಲೋ, ಅಂತೂ ಉಳಿದವು.

ನಮ್ಮ ಅಡುಗೆಮನೆಗೆ ಇದು ತೀರಾ ಅಪರಿಚಿತ ವಿದ್ಯೆಯಲ್ಲ. ದೋಸೆ ಹಿಟ್ಟಿಗೆ ಯಾರೂ ಅಂಗಡಿಯಿಂದ ಯೀಸ್ಟ್ ತಂದು ಹಾಕುವುದಿಲ್ಲ. ಅಕ್ಕಿ, ಉದ್ದಿನೊಂದಿಗೇ ಬಂದ ಬ್ಯಾಕ್ಟೀರಿಯಗಳು ರಾತ್ರಿ ಬೆಳಗಾಗುವುದರಲ್ಲಿ ಹಿಟ್ಟನ್ನು ಉಬ್ಬಿಸುತ್ತವೆ. ಈಚಲು ಮರದ ಹೆಂಡವೂ ಹಾಗೆಯೇ, ಮಡಕೆಯಲ್ಲಿ ಉಳಿದ ಚರಟವೇ ಅದಕ್ಕೆ ಹೆಪ್ಪು. ವ್ಯತ್ಯಾಸವಿರುವುದು ಕಾಲದಲ್ಲಿ. ದೋಸೆಗೆ ಒಂದು ರಾತ್ರಿ, ಹೆಂಡಕ್ಕೆ ಕೆಲವು ಗಂಟೆ. ಲ್ಯಾಂಬಿಕ್ಕಿಗೆ ಒಂದರಿಂದ ಮೂರು ವರ್ಷ.

ತಣಿದ ರಸವನ್ನು ಮರದ ಪೀಪಾಯಿಗಳಿಗೆ ತುಂಬುತ್ತಾರೆ. ಕಾಂಟಿಯೋನ್ ಮನೆಯ ಅರೆಗತ್ತಲಿನ ಸಾಲುಗಳಲ್ಲಿ ಇಂಥ ನೂರಾರು ಪೀಪಾಯಿಗಳು ಮಲಗಿವೆ. ಒಳಗೆ ನಡೆಯುವುದು ಒಂದು ಸರದಿಯ ಆಳ್ವಿಕೆ. ಮೊದಲ ವಾರಗಳಲ್ಲಿ ಕರುಳಿನ ಬ್ಯಾಕ್ಟೀರಿಯಗಳ ಸಂಬಂಧಿಗಳದ್ದೇ ಕಾರುಬಾರು. ಆಗ ರುಚಿ ನೋಡಿದವರು ಮತ್ತೆ ಆ ಕಡೆ ತಲೆಹಾಕಲಿಕ್ಕಿಲ್ಲ. ಆಮೇಲೆ ಸಾಮಾನ್ಯ ಯೀಸ್ಟ್ ಮೇಲುಗೈ ಪಡೆದು ಸಕ್ಕರೆಯನ್ನು ಮದ್ಯವಾಗಿಸುತ್ತದೆ. ಬೇಸಿಗೆಯ ಸೆಕೆ ಬಂದಾಗ ಪೆಡಿಯೊಕಾಕಸ್ ಎಂಬ ಬ್ಯಾಕ್ಟೀರಿಯ ಎದ್ದು ಕೂತು ಲ್ಯಾಕ್ಟಿಕ್ ಆಮ್ಲ ತಯಾರಿಸುತ್ತದೆ. ಮೊಸರಿಗೆ ಹುಳಿ ಕೊಡುವ ಆಮ್ಲವೇ ಅದು. ಕಟ್ಟಕಡೆಗೆ ಬರುವುದು ನಿಧಾನಗತಿಯ ಬ್ರೆಟಾನೊಮೈಸಿಸ್ ಯೀಸ್ಟ್. ಉಳಿದವರು ಜೀರ್ಣಿಸಿಕೊಳ್ಳಲಾರದೆ ಬಿಟ್ಟ ದೊಡ್ಡ ಸಕ್ಕರೆ ಅಣುಗಳನ್ನು ಅದು ತಿಂಗಳುಗಟ್ಟಲೆ ಮೆಲ್ಲುತ್ತ, ಹುಲ್ಲು, ಚರ್ಮ, ಕುದುರೆಲಾಯವನ್ನು ನೆನಪಿಸುವ ವಾಸನೆ ಬಿಡುತ್ತದೆ. ಈ ಕುಲಕ್ಕೆ 1904ರಲ್ಲಿ ಹೆಸರಿಟ್ಟದ್ದು ಕಾರ್ಲ್ಸ್‌ಬರ್ಗಿನದೇ ವಿಜ್ಞಾನಿ ಕ್ಲಾಸನ್. ಆತ ಕಂಡದ್ದು ಇಂಗ್ಲೆಂಡಿನ ಬಿಯರಿನಲ್ಲಾದ್ದರಿಂದ ‘ಬ್ರಿಟಿಷ್ ಶಿಲೀಂಧ್ರ’ ಎಂಬ ಅರ್ಥದ ಹೆಸರು ಬಂತು. 1921ರಲ್ಲಿ ಲ್ಯಾಂಬಿಕ್ಕಿನಿಂದ ವಿವರಿಸಿದ ಪ್ರಭೇದಕ್ಕೆ ಬ್ರಸೆಲ್ಸಿನ ಹೆಸರೇ ಸೇರಿ ‘ಬ್ರುಕ್ಸೆಲೆನ್ಸಿಸ್’ ಆಯಿತು. ದ್ರಾಕ್ಷಾರಸ ತಯಾರಕರು ಇದೇ ಯೀಸ್ಟನ್ನು ಕಂಡರೆ ಹೌಹಾರುತ್ತಾರೆ. ಒಬ್ಬರ ಕಳೆ ಇನ್ನೊಬ್ಬರ ಬೆಳೆ.

ಪೀಪಾಯಿಗಳ ನಡುವೆ ಜೇಡರ ಬಲೆ ಕಂಡು ಮೂಗು ಮುರಿಯುವವರಿದ್ದಾರೆ. ಅದನ್ನು ಗುಡಿಸುವಂತಿಲ್ಲವೆಂಬುದು ಇಲ್ಲಿಯ ಕಟ್ಟಳೆ. ಹಣ್ಣಿನ ವಾಸನೆಗೆ ಮುತ್ತುವ ನೊಣಗಳನ್ನು ಹಿಡಿಯಲು ಔಷಧ ಸಿಂಪಡಿಸಿದರೆ ಗಾಳಿಯಲ್ಲಿರುವ ಕೆಲಸಗಾರ ಜೀವಿಗಳ ಗತಿ ಏನು? ಆದ್ದರಿಂದ ಜೇಡಗಳಿಗೆ ಇಲ್ಲಿ ಕಾಯಂ ನೌಕರಿ.

ಇನ್ನು ಚೆರ್ರಿಯ ವಿಷಯ. ನಮ್ಮ ಬೇಕರಿಗಳ ಕೇಕಿನ ಮೇಲೆ ಕೂತಿರುವ ಕೆಂಪು ‘ಚೆರ್ರಿ’ ಬಹುಮಟ್ಟಿಗೆ ಸಕ್ಕರೆ ಪಾಕದಲ್ಲಿ ಅದ್ದಿ ಬಣ್ಣ ಹಾಕಿದ ಕವಳಿಕಾಯಿ. ಕ್ರೀಕಿನ ಚೆರ್ರಿಗೂ ಆ ಬೊಂಬೆಗೂ ಸಂಬಂಧವಿಲ್ಲ. ಸ್ವಭಾವದಲ್ಲಿ ಬೇಲಿಯಲ್ಲಿನ ಕವಳಿಹಣ್ಣಿಗೇ ಅದು ಹತ್ತಿರ. ಸಣ್ಣದು, ಕಡುಗೆಂಪು, ಹುಳಿ, ದೊಡ್ಡ ಗೊರಟ. ಬ್ರಸೆಲ್ಸಿನ ಈಶಾನ್ಯಕ್ಕಿರುವ ಸ್ಖಾರ್‌ಬೇಕ್ ಎಂಬ ಊರಿನ ಹೆಸರು ಈ ತಳಿಗಿದೆ. ಒಂದು ಕಾಲಕ್ಕೆ ಅಲ್ಲೆಲ್ಲ ಚೆರ್ರಿ ಮರಗಳು. ರೈತರು ಕತ್ತೆಯ ಮೇಲೆ ಬುಟ್ಟಿ ಹೇರಿ ಹಣ್ಣನ್ನು ಪೇಟೆಗೆ ತರುತ್ತಿದ್ದರು. ಹೀಗಾಗಿ ಸ್ಖಾರ್‌ಬೇಕಿಗೆ ‘ಕತ್ತೆಗಳ ಊರು’ ಎಂಬ ಅಡ್ಡಹೆಸರೇ ಬಿತ್ತು. ಇಂದು ಆ ಊರು ಮಹಾನಗರದ ಹೊಟ್ಟೆಯಲ್ಲಿ ಸೇರಿಹೋಗಿದೆ. ತೋಟಗಳಿದ್ದಲ್ಲಿ ನಾಲ್ಕಂತಸ್ತಿನ ಮನೆಗಳ ಸಾಲು. ಕತ್ತೆಯೂ ಇಲ್ಲ, ಚೆರ್ರಿಯೂ ಇಲ್ಲ. ಮಲ್ಲೇಶ್ವರದಲ್ಲಿ ಹೊಲ ಗದ್ದೆ ಹುಡುಕಿದಂತೆ.

ಬೇಸಿಗೆಯ ಜುಲೈ, ಆಗಸ್ಟ್ ತಿಂಗಳಲ್ಲಿ ಹಣ್ಣು ಬರುತ್ತದೆ. ಲೀಟರೊಂದಕ್ಕೆ 200 ಗ್ರಾಮಿನ ಲೆಕ್ಕದಲ್ಲಿ, ಗೊರಟ ತೆಗೆಯದೆ, ಇಡೀ ಹಣ್ಣನ್ನೇ ವರ್ಷ ದಾಟಿದ ಲ್ಯಾಂಬಿಕ್ಕಿಗೆ ಹಾಕುತ್ತಾರೆ. ಹಣ್ಣಿನ ಸಕ್ಕರೆ ಸಿಕ್ಕೊಡನೆ ತೂಕಡಿಸುತ್ತಿದ್ದ ಯೀಸ್ಟ್ ಎದ್ದು ಮತ್ತೆ ಕೆಲಸ ಶುರುಮಾಡುತ್ತದೆ. ಹಣ್ಣು ಸೇರಿದರೆ ಮದ್ಯಾಂಶ ಜಾಸ್ತಿಯಾಗಬೇಕಲ್ಲವೇ ಎಂದು ಕೇಳಬಹುದು. ಹಣ್ಣಿನಲ್ಲಿ ಸಕ್ಕರೆಗಿಂತ ನೀರಿನ ಪಾಲೇ ದೊಡ್ಡದು, ಆದ್ದರಿಂದ ಅಷ್ಟೇನೂ ಏರುವುದಿಲ್ಲ. ತಿಂಗಳುಗಳಲ್ಲಿ ಹಣ್ಣಿನ ತಿರುಳು ಕರಗಿ, ಸಿಪ್ಪೆ ಮತ್ತು ಗೊರಟ ತಳದಲ್ಲಿ ಉಳಿಯುತ್ತವೆ. ಗೊರಟದಿಂದಲೂ ಬಿಯರಿಗೆ ಒಂದಂಶ ಇಳಿಯುತ್ತದೆ: ಕಹಿ ಬಾದಾಮಿಯ ವಾಸನೆ. ಕೊನೆಗೆ ಎಳೆಯ ಲ್ಯಾಂಬಿಕ್ ಸ್ವಲ್ಪ ಬೆರೆಸಿ ಸೀಸೆಗೆ ತುಂಬಿ ಬಿರಡೆ ಹಾಕಿದರೆ, ಎಳೆಯದರಲ್ಲಿ ಉಳಿದ ಸಕ್ಕರೆ ಸೀಸೆಯೊಳಗೇ ಹುದುಗಿ ಗುಳ್ಳೆ ಏಳುತ್ತದೆ. ಶಾಂಪೇನಿನ ಸಂಬಂಧಿ ಎಂದು ಇದನ್ನು ಕರೆಯುವುದು ಈ ಕಾರಣಕ್ಕೇ. ರಾಸ್ಪ್‌ಬೆರಿ, ಏಪ್ರಿಕಾಟ್, ದ್ರಾಕ್ಷಿಗಳನ್ನು ಹಾಕಿಯೂ ಕಾಂಟಿಯೋನಿನವರು ಬಿಯರ್ ಮಾಡುತ್ತಾರೆ. ಚೆರ್ರಿಯದು ಮಾತ್ರ ಹಿರಿಯಕ್ಕನ ಸ್ಥಾನ.

ಸುತ್ತಾಟ ಮುಗಿದ ಮೇಲೆ ಬಾಗಿಲ ಬಳಿಯ ಹಳೆಯ ಮೇಜುಗಳಲ್ಲಿ ರುಚಿ ನೋಡಲು ಕೊಡುತ್ತಾರೆ. ಗಾಜಿನ ಲೋಟಕ್ಕೆ ಸುರಿದಾಗ ಏಳುವ ಗುಲಾಬಿ ನೊರೆ ಕಣ್ಣು ಮಿಟುಕಿಸುವಷ್ಟರಲ್ಲಿ ಇಳಿದುಹೋಗುತ್ತದೆ. ಮೊದಲ ಗುಟುಕಿಗೆ ಮುಖ ಕಿವುಚದವರು ವಿರಳ. ಹುಳಿ ನಾಲಿಗೆಯ ಎರಡೂ ಅಂಚನ್ನು ಹಿಡಿದು ಜಗ್ಗುತ್ತದೆ. ಎರಡನೆಯ ಗುಟುಕಿಗೆ ಚೆರ್ರಿ ಕಾಣುತ್ತದೆ, ಸಿಹಿಯಿಲ್ಲದ ಚೆರ್ರಿ, ಸಿಪ್ಪೆಯ ಒಗರಿನೊಂದಿಗೆ. ಮೂರನೆಯದಕ್ಕೆ ಗೊರಟದ ಬಾದಾಮಿ, ಮರದ ವಾಸನೆ. ನುಂಗಿದ ಮೇಲೆ ಬಾಯಿ ಒಣಗಿ ಚೊಕ್ಕಟವಾಗುತ್ತದೆ, ಬೆಟ್ಟದ ನೆಲ್ಲಿಕಾಯಿ ಕಡಿದ ಹಾಗೆ. ನೆಲ್ಲಿಕಾಯಿಯ ಮೇಲೆ ನೀರು ಕುಡಿದರೆ ಸಿಹಿ ಹುಟ್ಟುತ್ತದಲ್ಲ, ಅಂಥ ಉಪಕಾರವನ್ನು ಮಾತ್ರ ಕ್ರೀಕ್ ಮಾಡುವುದಿಲ್ಲ. ಹುಣಸೆ, ಮಾವಿನಕಾಯಿ, ಅಮಟೆಕಾಯಿಯಲ್ಲಿ ಬೆಳೆದ ನಾಲಿಗೆಗೆ ಈ ಹುಳಿ ಬೇಗ ಒಗ್ಗುತ್ತದೆ. ಸಕ್ಕರೆ ಪಾನೀಯಗಳಲ್ಲಿ ಬೆಳೆದವರಿಗೇ ಕಷ್ಟ.

ಕಷ್ಟವಾದದ್ದು ಬೆಲ್ಜಿಯಮಿನವರಿಗೂ. ಲ್ಯಾಂಬಿಕ್ಕಿನ ಕಥೆಯಲ್ಲಿ ಸಂಕಟ ಶುರುವಾಗುವುದು ಇಲ್ಲಿಂದಲೇ. ಅದನ್ನು ತಿಳಿಯಲು ನಗರ ಬಿಟ್ಟು ಸೆನ್ ನದಿಯ ಕಣಿವೆಯಲ್ಲಿ ನೈರುತ್ಯಕ್ಕೆ ಹೋಗಬೇಕು.

ಸೆನ್ ನದಿ ಬ್ರಸೆಲ್ಸಿನಲ್ಲಿ ಕಣ್ಣಿಗೆ ಬೀಳುವುದೇ ಅಪರೂಪ. ಊರಿನ ಕೊಳೆಯೆಲ್ಲ ಸೇರಿ ನದಿ ಗಬ್ಬೆದ್ದು, 1866ರಲ್ಲಿ ಕಾಲರಾ ಬಡಿದ ಮೇಲೆ, ಮೇಯರ್ ಜೂಲ್ ಆನ್ಸ್‌ಪಾಕ್ ಕಾಲದಲ್ಲಿ, 1867ರಿಂದ 1871ರ ನಡುವೆ ಅದರ ಮೇಲೆ ಕಮಾನು ಕಟ್ಟಿ ಮುಚ್ಚಿದರು. ಈಗ ಜನ ಐಸ್‌ಕ್ರೀಮ್ ತಿನ್ನುತ್ತ ಅಡ್ಡಾಡುವ ಅಗಲ ರಸ್ತೆಗಳು ಆ ಕಮಾನಿನ ಮೇಲೆ ಮೂಡಿದವು. ಆಮೇಲೂ ರಾಜಧಾನಿಯ ಕೊಳಚೆ ಹಾಗೆಯೇ ನದಿಗೆ ಹೋಗುತ್ತಿತ್ತು. ದಕ್ಷಿಣ ಭಾಗದ ಶುದ್ಧೀಕರಣ ಘಟಕ ಬಂದದ್ದು 2000ದಲ್ಲಿ, ಉತ್ತರದ ದೊಡ್ಡದು 2007ರಲ್ಲಿ. ನಮ್ಮ ವೃಷಭಾವತಿಯನ್ನು ಬಲ್ಲವರಿಗೆ ಈ ಕಥೆ ಬಿಡಿಸಿ ಹೇಳಬೇಕಿಲ್ಲ. ಇಂಥ ನದಿಯ ಕಣಿವೆಯ ಗಾಳಿಗೇ ಒಳ್ಳೆಯ ಬಿಯರ್ ಮಾಡುವ ಗುಣವಿದೆ ಎಂದು ಊರಿನವರು ಹೆಮ್ಮೆಪಡುವುದು ಕೇಳಲು ತಮಾಷೆಯಾಗಿದೆ. ವಿಜ್ಞಾನಿಗಳು ಗಾಳಿಗಿಂತ ಹಳೆಯ ಕಟ್ಟಡದ ಮರಮುಟ್ಟು ಮತ್ತು ಪೀಪಾಯಿಗಳಿಗೆ ಹೆಚ್ಚು ಶ್ರೇಯ ಕೊಡುತ್ತಾರೆ. ತಲೆಮಾರುಗಳಿಂದ ಸೂಕ್ಷ್ಮಜೀವಿಗಳು ಬೀಡುಬಿಟ್ಟಿರುವುದು ಅಲ್ಲಿ.

ನದಿಯ ಪಶ್ಚಿಮಕ್ಕೆ ಹರಡಿದ ಅಲೆಯಲೆಯಾದ ಬಯಲು ಪಾಯೊಟನ್‌ಲಾಂಡ್. ಗೋಧಿ ಹೊಲ, ಹಸುಗಳು, ಇಟ್ಟಿಗೆಯ ಚರ್ಚುಗಳು. 16ನೇ ಶತಮಾನದ ಚಿತ್ರಕಾರ ಪೀಟರ್ ಬ್ರೂಗೆಲ್ ತನ್ನ ಕೊನೆಯ ವರ್ಷಗಳನ್ನು ಬ್ರಸೆಲ್ಸಿನಲ್ಲಿ ಕಳೆದ. 1568ರ ಆತನ ಕುರುಡರ ಚಿತ್ರದ ಹಿನ್ನೆಲೆಯಲ್ಲಿರುವ ಚರ್ಚು ಇಲ್ಲಿನ ಸಿಂತ್ ಆನ್ನಾ ಪೇಡೆಯದೆಂದು ಗುರುತಿಸಲಾಗಿದೆ. ಆತನ ‘ರೈತರ ಮದುವೆ’ ಚಿತ್ರದಲ್ಲಿ ಒಬ್ಬಾತ ದೊಡ್ಡ ಹೂಜಿಯಿಂದ ಸಣ್ಣ ಹೂಜಿಗಳಿಗೆ ಪಾನೀಯ ಸುರಿಯುತ್ತಿದ್ದಾನೆ. ಅದು ಲ್ಯಾಂಬಿಕ್ಕೇ ಎಂದು ಊರಿನವರು ಪ್ರಮಾಣ ಮಾಡುತ್ತಾರೆ. ಚಿತ್ರದಿಂದ ಹುಳಿ ತಿಳಿಯುವುದಿಲ್ಲವಾದ್ದರಿಂದ ವಾದಕ್ಕಿಳಿಯದಿರುವುದೇ ಲೇಸು.

ಈ ರೈತರು ಕುಡಿಯುತ್ತಿದ್ದದ್ದು ನೀರಡಿಕೆಗೆ, ಊಟಕ್ಕೆ. ಒಮ್ಮೆ ಸೋಸಿದ ಧಾನ್ಯಕ್ಕೆ ಮತ್ತೆ ನೀರು ಹಾಕಿ ತೆಗೆದ ತೆಳುವಾದ ‘ಮೇರ್ಟ್ಸ್’ ಎಂಬ ಬಿಯರ್ ಇತ್ತು. ಅದನ್ನು ಲ್ಯಾಂಬಿಕ್ಕಿಗೆ ಬೆರೆಸಿ, ಸಕ್ಕರೆ ಹಾಕಿದರೆ ‘ಫಾರೊ’. ಕಾಫಿ ಹಾಲಿನಷ್ಟೇ ದಿನನಿತ್ಯದ ವಸ್ತು. 20ನೇ ಶತಮಾನದಲ್ಲೂ ಬೆಲ್ಜಿಯಮಿನ ಶಾಲೆಗಳಲ್ಲಿ ಮಧ್ಯಾಹ್ನದ ಊಟದೊಡನೆ ಮಕ್ಕಳಿಗೆ ಅತ್ಯಲ್ಪ ಮದ್ಯಾಂಶದ ‘ಟೇಬಲ್ ಬಿಯರ್’ ಕೊಡುವ ರೂಢಿ ಇತ್ತೆಂದರೆ ನಮ್ಮ ಹೆಡ್‌ಮಾಸ್ತರರು ಕುರ್ಚಿಯಿಂದ ಬಿದ್ದಾರು. ಆ ರೂಢಿ ನಿಂತುಹೋದದ್ದು ಒಳ್ಳೆಯದೇ ಆಯಿತು.

ಎರಡನೇ ಮಹಾಯುದ್ಧದ ನಂತರ ಜನರ ನಾಲಿಗೆ ಬದಲಾಯಿತು. ತಿಳಿಯಾದ ಹಳದಿ ಲಾಗರ್ ಬಿಯರ್ ಒಂದು ಕಡೆ, ಬಣ್ಣದ ಸಿಹಿ ಸೋಡಗಳು ಇನ್ನೊಂದು ಕಡೆ. ಮುಖ ಕಿವುಚಿಸುವ, ಮೂರು ವರ್ಷ ಕಾಯಿಸುವ ಬಿಯರ್ ಯಾರಿಗೆ ಬೇಕು? ಲ್ಯಾಂಬಿಕ್ ಮನೆಗಳು ಒಂದೊಂದಾಗಿ ಬಾಗಿಲೆಳೆದುಕೊಂಡವು.

ಫ್ಲೇಜನ್‌ಬೇಕ್ ಎಂಬ ಹಳ್ಳಿಯಲ್ಲಿ 1822ರಿಂದ ಇರುವ ಲಿಂಡೆಮನ್ಸ್ ಮನೆ ಬೇರೆ ದಾರಿ ಹಿಡಿಯಿತು. ಮೊದಲಿಗೆ ಅದು ಒಕ್ಕಲು ಮನೆ; ಚಳಿಗಾಲದಲ್ಲಿ ಹೊಲದ ಕೆಲಸವಿಲ್ಲದಾಗ ಬಿಯರ್ ತಯಾರಿ. 1970ರ ದಶಕದ ಕೊನೆಯಿಂದ ಅವರು ಲ್ಯಾಂಬಿಕ್ಕಿಗೆ ಚೆರ್ರಿಯ ರಸವನ್ನೇ ಧಾರಾಳವಾಗಿ ಸೇರಿಸಿ, ಸಿಹಿ ಉಳಿಯುವಂತೆ ಪಾಶ್ಚರೀಕರಿಸಿ ಸೀಸೆಗೆ ತುಂಬಿದರು. ಮದ್ಯಾಂಶ ಶೇಕಡ 3.5. ರಾಸ್ಪ್‌ಬೆರಿಯದಾದರೆ ಬರೀ 2.5. ತೆಳ್ಳನೆಯ ಎತ್ತರದ ಲೋಟದಲ್ಲಿ ತಣ್ಣಗೆ ಕೊಡುವ ಈ ಕ್ರೀಕ್ ಬಾಯಿಗೆ ಬಿದ್ದೊಡನೆ ಖುಷಿ ಕೊಡುತ್ತದೆ. ಜಾಮಿನ ಸಿಹಿ, ಹಣ್ಣಿನ ಘಮ, ಹಿಂದೆಲ್ಲೋ ತುಸು ಹುಳಿ. ಬಿಯರ್ ಎಂದರೆ ಮೂಗು ಮುಚ್ಚುವವರೂ ಒಂದು ಲೋಟ ಮುಗಿಸುತ್ತಾರೆ. ಎರಡನೆಯದಕ್ಕೆ ಕೈ ಚಾಚುವ ಹೊತ್ತಿಗೆ ಮಾತ್ರ ಸಿಹಿ ಮೊಗಚುತ್ತದೆ. ಅದು ಅಮೆರಿಕಕ್ಕೂ ಹೋಯಿತು, ಊರೂರಿಗೂ ಹೋಯಿತು. ಇತರ ಮನೆಗಳೂ ಇದೇ ಹಾದಿ ಹಿಡಿದವು.

ಹಳೆಯ ಪಂಥದವರು ಇದನ್ನು ಅಪಚಾರವೆಂದರು. ಸಿಹಿ ಹಾಕಿದ ಮೇಲೆ ಮೂರು ವರ್ಷದ ಪೀಪಾಯಿ ಏಕೆ, ಗೊರಟದ ಚೆರ್ರಿ ಏಕೆ ಎಂಬುದು ಅವರ ಪ್ರಶ್ನೆ. ಪ್ರಶ್ನೆ ಸರಿಯಾದದ್ದೇ. ಆದರೆ ಸಿಹಿ ಕ್ರೀಕ್ ಮಾರಿದ ದುಡ್ಡಿನಿಂದಲೇ ಆ ಹಳ್ಳಿಯಲ್ಲಿ ಲ್ಯಾಂಬಿಕ್ ಕುದಿಸುವ ಒಲೆ ಆರದೆ ಉಳಿಯಿತು ಎಂಬುದನ್ನೂ ಮರೆಯಲಾಗದು. ಅದೇ ಲಿಂಡೆಮನ್ಸ್ ಮನೆ 1990ರ ದಶಕದಲ್ಲಿ ಸಿಹಿಯಿಲ್ಲದ ಹಳೆಯ ಪದ್ಧತಿಯ ಬಗೆಗಳನ್ನೂ ಹೊರತಂದಿತು. ಹಗುರ ಸಿಹಿಯದು ಕೆಟ್ಟ ಪಾನೀಯವೆಂದು ಹೇಳಲಾಗದು. ಅದನ್ನೂ ಹಳೆಯದನ್ನೂ ಒಂದೇ ಹೆಸರಿನಿಂದ ಮಾರುವುದು ತಪ್ಪು. ಈ ಗೊಂದಲಕ್ಕೆ 1997ರಲ್ಲಿ ಯುರೋಪಿಯನ್ ಒಕ್ಕೂಟ ಒಂದು ಉತ್ತರ ಕೊಟ್ಟಿತು. ‘ಔದ ಕ್ರೀಕ್’, ಅಂದರೆ ಹಳೆಯ ಕ್ರೀಕ್ ಎಂದು ಚೀಟಿ ಅಂಟಿಸಬೇಕಾದರೆ ಒಳಗಿರುವುದೆಲ್ಲ ಗಾಳಿ ಹುದುಗಿಸಿದ ಲ್ಯಾಂಬಿಕ್ಕೇ ಆಗಿರಬೇಕು, ಸೀಸೆಯಲ್ಲಿ ಮತ್ತೆ ಹುದುಗಿರಬೇಕು. ಅಂಗಡಿಯಲ್ಲಿ ಸೀಸೆ ಎತ್ತಿಕೊಳ್ಳುವವರು ಆ ‘ಔದ’ ಎಂಬ ಪದ ಇದೆಯೋ ಇಲ್ಲವೋ ನೋಡಿದರೆ ಸಾಕು.

ಹಳೆಯ ಪದ್ಧತಿಗೆ ಜೀವ ಬಂದುದರಲ್ಲಿ ಹೊರಗಿನವರ ಪಾಲೂ ಇದೆ. ಇಂಗ್ಲೆಂಡಿನ ಬಿಯರ್ ಲೇಖಕ ಮೈಕೆಲ್ ಜಾಕ್ಸನ್ (ಕುಣಿಯುವಾತನಲ್ಲ, ಬರೆಯುವಾತ, 2007ರಲ್ಲಿ ತೀರಿಕೊಂಡರು) ತಮ್ಮ ಪುಸ್ತಕಗಳಲ್ಲಿ ಬೆಲ್ಜಿಯಮಿನ ಈ ಮೂಲೆಯ ಬಿಯರುಗಳನ್ನು ಜಗತ್ತಿಗೆ ಪರಿಚಯಿಸಿದರು. 2016ರಲ್ಲಿ ಯುನೆಸ್ಕೊ ಬೆಲ್ಜಿಯಮಿನ ಬಿಯರ್ ಸಂಸ್ಕೃತಿಯನ್ನು ಮಾನವಕುಲದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಪರಿಣಾಮವಾಗಿ ಇಂದು ಕಾಂಟಿಯೋನ್ ಬಾಗಿಲಲ್ಲಿ ಅಮೆರಿಕ, ಜಪಾನಿನಿಂದ ಬಂದವರು ಕಾದಿರುತ್ತಾರೆ. ಕೆಲವು ಸೀಸೆಗಳು ಕೈಯಿಂದ ಕೈಗೆ ಮಾರಾಟವಾಗಿ ಚಿನ್ನದ ಬೆಲೆ ಮುಟ್ಟುತ್ತವೆ. ಹೊಲದಲ್ಲಿ ದುಡಿದು ಬಂದವರ ಬಾಯಾರಿಕೆ ತಣಿಸಲು ಹುಟ್ಟಿದ ಪಾನೀಯ ಹೀಗೆ ಕಪಾಟಿನ ಆಭರಣವಾಗುವುದೂ ಒಂದು ಬಗೆಯ ಕೇಡೇ.

ಅದಕ್ಕಿಂತ ದೊಡ್ಡ ಭಯ ಹವೆಯದು. ತಾಮ್ರದ ಹರಿವಾಣದಲ್ಲಿ ರಸ ಸರಿಯಾಗಿ ತಣಿಯಬೇಕಾದರೆ ರಾತ್ರಿಯ ಹವೆ 8 ಡಿಗ್ರಿಗಿಂತ ಕೆಳಗಿರಬೇಕು. ಸೆಕೆಯಿದ್ದರೆ ಬೇಡದ ಬ್ಯಾಕ್ಟೀರಿಯಗಳು ಮುಂದಾಗಿ ಇಡೀ ಬಟ್ಟಲು ಕೆಡುತ್ತದೆ. ಬೇಸಿಗೆಯಲ್ಲಿ ದೋಸೆ ಹಿಟ್ಟು ನೋಡುನೋಡುತ್ತಿದ್ದಂತೆ ಹುಳಿ ಮೀರುವುದನ್ನು ನೆನೆದರೆ ಈ ಕಷ್ಟ ಅರ್ಥವಾದೀತು. ಆದ್ದರಿಂದ ತಯಾರಿ ನಡೆಯುವುದು ಅಕ್ಟೋಬರ್ ಕೊನೆಯಿಂದ ಏಪ್ರಿಲ್ ಆರಂಭದವರೆಗೆ ಮಾತ್ರ. 2015ರ ನವೆಂಬರಿನಲ್ಲಿ ರಾತ್ರಿಗಳು ತಣಿಯದೆ ಕಾಂಟಿಯೋನ್ ಮನೆ ಕೆಲಸವನ್ನೇ ನಿಲ್ಲಿಸಬೇಕಾಯಿತು. ಕೊಳಾಯಿಯಲ್ಲಿ ತಣ್ಣೀರು ಹರಿಸಿ ಯಂತ್ರದಿಂದ ತಣಿಸಬಹುದಲ್ಲ ಎಂದರೆ, ಬಹುದು. ಆದರೆ ಆಗ ಅದು ಲ್ಯಾಂಬಿಕ್ ಅಲ್ಲ.

ಹವೆ ಮುನಿದರೆ ಏನಾಗುತ್ತದೆಂಬುದಕ್ಕೆ ಬೇರ್ಸೆಲ್ ಊರಿನವರ ಬಳಿ ಇನ್ನೊಂದು ಕಥೆಯಿದೆ. ಹಳೆಯ ಕೋಟೆಯಿರುವ ಸಣ್ಣ ಊರು ಅದು. ಅಲ್ಲಿನ ದ್ರಿ ಫೊಂಟೇಯ್ನನ್ ಎಂಬ ಮನೆಯನ್ನು ನಡೆಸುತ್ತಿದ್ದವರು ಆರ್ಮಂಡ್ ಡೆಬೆಲ್ಡರ್. 2009ರ ಮೇ ತಿಂಗಳಲ್ಲಿ ಅವರ ಉಗ್ರಾಣದ ತಾಪ ನಿಯಂತ್ರಕ ಕೈಕೊಟ್ಟು, ಬಿಸಿಗಾಳಿ ಒಂದೇ ಸಮನೆ ಬೀಸಿ, ಸಾವಿರಾರು ಸೀಸೆಗಳು ಸಿಡಿದವು, ಉಳಿದ ಸಾವಿರಾರು ಕೆಟ್ಟವು. ವರ್ಷಗಳ ದುಡಿಮೆ ಒಂದು ರಾತ್ರಿಯಲ್ಲಿ ಹೋಯಿತು. ಕೆಟ್ಟ ಬಿಯರನ್ನು ಚೆಲ್ಲದೆ ಬಟ್ಟಿ ಇಳಿಸಿ ಮಾರಿ, ಅಭಿಮಾನಿಗಳ ನೆರವಿನಿಂದ ಅವರು ಮತ್ತೆ ಎದ್ದು ನಿಂತರು. 2022ರಲ್ಲಿ ಡೆಬೆಲ್ಡರ್ ತೀರಿಕೊಂಡಾಗ ಆ ಮನೆ ಹಿಂದೆಂದಿಗಿಂತ ಗಟ್ಟಿಯಾಗಿತ್ತು. ಈಗ ಸುತ್ತಲ ರೈತರಿಂದಲೇ ಧಾನ್ಯ ಬೆಳೆಸುವ ಕೆಲಸವೂ ಅಲ್ಲಿ ನಡೆದಿದೆ.

ಚೆರ್ರಿಯ ವಿಷಯದಲ್ಲೂ ಅಂಥದೊಂದು ಪ್ರಯತ್ನವಿದೆ. ಸ್ಖಾರ್‌ಬೇಕಿನಲ್ಲಿ ಕಾಣೆಯಾದ ತಳಿಯ ಮರಗಳು ಪಾಯೊಟನ್‌ಲಾಂಡಿನ ಬೇಲಿಗಳಲ್ಲಿ, ಹಿತ್ತಿಲುಗಳಲ್ಲಿ ಅಲ್ಲೊಂದು ಇಲ್ಲೊಂದು ಉಳಿದಿವೆ. ಮರ ಎತ್ತರ, ಹಣ್ಣು ಸಣ್ಣದು, ಏಣಿ ಹಾಕಿ ಒಂದೊಂದಾಗಿ ಬಿಡಿಸಬೇಕು. ಕೂಲಿಯ ಲೆಕ್ಕ ಹಾಕಿದರೆ ಯಾರಿಗೂ ಗಿಟ್ಟದು. ದೊಡ್ಡ ಮನೆಗಳು ಪೋಲೆಂಡ್ ಮೊದಲಾದ ಕಡೆಯಿಂದ ಹುಳಿಚೆರ್ರಿ ತರಿಸಿಕೊಳ್ಳುವುದು ಇದರಿಂದಲೇ. ಆದರೂ ಜುಲೈ ಬಂದಾಗ ಹಿತ್ತಿಲಿನಲ್ಲಿ ಮರವಿರುವವರು ಬಿಡಿಸಿ ತಂದ ಹಣ್ಣನ್ನು ಕೆಲವು ಮನೆಗಳು ತೂಗಿ ಕೊಳ್ಳುತ್ತವೆ. ಹೊಸ ಸಸಿಗಳನ್ನು ನೆಡುವ ಕೆಲಸವೂ ನಡೆದಿದೆ. ನೆಟ್ಟ ಚೆರ್ರಿ ಫಲ ಕೊಡಲು ವರ್ಷಗಳು ಬೇಕು. ಆ ಹಣ್ಣು ಬಿಯರಾಗಲು ಮತ್ತೊಂದು ವರ್ಷ.

ನಗರಕ್ಕೆ ಮರಳಿದ ಮೇಲೆ ಸಂಜೆ ಕಳೆಯಲು ಹಳೆಯ ಕಾಫೆಗಳಿವೆ. ‘ಮೊರ್ ಸುಬಿತ್’ ಎಂಬುದು ಅವುಗಳಲ್ಲೊಂದು. ಹೆಸರಿನ ಅರ್ಥ ‘ಹಠಾತ್ ಸಾವು’. ಗಾಬರಿ ಬೀಳುವಂಥದ್ದೇನಿಲ್ಲ. ಅದರ ಮಾಲೀಕರ ಹಿಂದಿನ ಕಾಫೆಗೆ ಬರುತ್ತಿದ್ದ ಬ್ಯಾಂಕಿನ ಗುಮಾಸ್ತರು ಊಟದ ವೇಳೆ ದಾಳದ ಆಟವಾಡುತ್ತ, ಗಂಟೆಯಾದೊಡನೆ ಒಂದೇ ಎಸೆತದಲ್ಲಿ ಆಟ ಮುಗಿಸುತ್ತಿದ್ದರಂತೆ. ಅದೇ ‘ಹಠಾತ್ ಸಾವು’. 1928ರಿಂದ ಈಗಿನ ಜಾಗದಲ್ಲಿರುವ ಕಾಫೆಗೂ ಆ ಹೆಸರೇ ನಿಂತಿತು. ಉದ್ದನೆಯ ಹಾಲು, ಕನ್ನಡಿಗಳು, ಹೊಗೆಗೆ ಹಳದಿಯಾದ ಗೋಡೆಗಳು. ದಪ್ಪ ಬ್ರೆಡ್ಡಿನ ಮೇಲೆ ಮೊಸರಿನಂಥ ಬಿಳಿ ಚೀಸ್ ಸವರಿ, ಹಸಿ ಮೂಲಂಗಿ, ಈರುಳ್ಳಿ ಸೊಪ್ಪು ಇಟ್ಟು ಕೊಡುತ್ತಾರೆ. ಕ್ರೀಕಿಗೆ ಅದಕ್ಕಿಂತ ಒಳ್ಳೆಯ ಜೋಡಿ ಇಲ್ಲ. ಸಸ್ಯಾಹಾರಿಗಳು ಪರದಾಡುವ ಆ ಊರಿನಲ್ಲಿ ಇದೊಂದು ಸಮಾಧಾನ. ಹಿಂದಿನ ಕಾಲದಲ್ಲಿ ಲ್ಯಾಂಬಿಕ್ಕಿನ ಲೋಟದ ಜೊತೆ ಸಕ್ಕರೆಯ ಗಟ್ಟಿಯನ್ನೂ, ಅದನ್ನು ತಳದಲ್ಲಿ ಕುಟ್ಟಲು ಒಂದು ಕಡ್ಡಿಯನ್ನೂ ಇಡುತ್ತಿದ್ದರು. ಸಿಹಿ ಎಷ್ಟು ಬೇಕೆಂಬುದು ಆಗ ಕುಡಿಯುವವರ ಕೈಯಲ್ಲಿತ್ತು.

ನೋಡಹೋಗುವವರು ಕಾಲ ನೋಡಿ ಹೋಗುವುದು ಒಳ್ಳೆಯದು. ಕೊಪ್ಪರಿಗೆ ಕುದಿಯುವುದನ್ನು, ಅಟ್ಟದಲ್ಲಿ ಹಬೆ ಏಳುವುದನ್ನು ಕಾಣಬೇಕಾದರೆ ಚಳಿಗಾಲ, ದಪ್ಪ ಸ್ವೆಟರಿನೊಡನೆ. ಹಣ್ಣಿನ ಕಾಲ ಬೇಸಿಗೆಯ ನಡುವೆ. ಹಳ್ಳಿಗಳ ಕಡೆಗೆ ಹಾಲೆ ಪಟ್ಟಣದವರೆಗೆ ರೈಲು ಸಲೀಸು, ಅಲ್ಲಿಂದ ಮುಂದೆ ಬಸ್ಸು ಅಥವಾ ಬಾಡಿಗೆ ಸೈಕಲ್ಲು. ಒಂದು ಸೀಸೆ ಊರಿಗೆ ತರುವ ಆಸೆಯಿದ್ದವರಿಗೆ ಒಂದು ಮಾತು. ಹಣ್ಣು ಹಾಕದ, ಎಳೆಯ ಹಳೆಯ ಲ್ಯಾಂಬಿಕ್ ಬೆರೆಸಿದ ‘ಗ್ಯೂಜ್’ ಕತ್ತಲ ಮೂಲೆಯಲ್ಲಿ ಹತ್ತಾರು ವರ್ಷ ಕೆಡದೆ ಇರುತ್ತದೆ. ಕ್ರೀಕಿನ ಹುಳಿಯೂ ಉಳಿಯುತ್ತದೆ, ಆದರೆ ಕೆಂಪು ಕಂದಿ ಚೆರ್ರಿಯ ಘಮ ವರ್ಷ ವರ್ಷಕ್ಕೆ ಹಿಂದೆ ಸರಿಯುತ್ತದೆ. ಹಣ್ಣು ಬೇಕೆನ್ನುವವರು ತಡಮಾಡದೆ ಬಿರಡೆ ತೆಗೆಯಬೇಕು.